ಗ್ರೂಪಿನಲ್ಲಿ ಇವತ್ತು, ಪೇಪರಿನಲ್ಲಿ ನಾಳೆ

ಸುದ್ದಿ ಹಿಡಿದು ಓಡುವವರು ಒಂದು ಕಡೆ, "ಯಾರು ಹೇಳಿದರು?" ಎಂದು ಕೇಳುತ್ತಾ ಹಿಂದೆ ಹೋಗುವ ನಾನು ಒಂದು ಕಡೆ. ಹೀಗಿರುವಾಗ ನಮ್ಮೂರಿನಲ್ಲಿ ವಾರಕ್ಕೊಂದು ಫಜೀತಿ ಆಗದಿದ್ದರೇ ಆಶ್ಚರ್ಯ. ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯಿಂದ ಕನ್ನಡ ಪತ್ರಿಕೆಯೊಂದಕ್ಕೆ ಇಪ್ಪತ್ತಾರು ವರ್ಷದಿಂದ ಸುದ್ದಿ ಕಳಿಸುತ್ತಿದ್ದೇನೆ. ಬರೆದದ್ದನ್ನು ಸುಳ್ಳೆಂದು ಒಪ್ಪಿಕೊಳ್ಳುವ ಪ್ರಸಂಗ ಒಮ್ಮೆಯೂ ಬಂದಿಲ್ಲ. ಇದನ್ನು ಜಂಬ ಎಂದರೆ ಎನ್ನಿ, ನನಗೇನೂ ಬೇಸರವಿಲ್ಲ.

ಆದರೆ ಊರಿನ ಮೊಬೈಲ್ ಅಂಗಡಿಯವನು ವಾಟ್ಸಾಪ್ ಗ್ರೂಪ್ ಮಾಡಿದ ಮೇಲೆ ನನ್ನನ್ನು ಕೇಳುವವರು ಕಡಿಮೆಯಾದರು. ಗ್ರೂಪಿನಲ್ಲಿ ಸುದ್ದಿ ಮರಾಠಿಯಲ್ಲಿ ಬರುತ್ತದೆ, ಅದರ ಮೇಲಿನ ಜಗಳ ಕಟ್ಟೆಯ ಮೇಲೆ ಕನ್ನಡದಲ್ಲಿ ನಡೆಯುತ್ತದೆ. "ಕಾಕಾ, ನಿಮ್ಮ ಪೇಪರ ಬರೂದ್ರಾಗ ಸುದ್ದಿಗಿ ಗಡ್ಡ ಬಂದಿರ್ತದ," ಎನ್ನುತ್ತಾನೆ ಅವನು. ಊರು ನನ್ನ ಮಾತನ್ನು ಇನ್ನೂ ನಂಬುತ್ತದೆಯೋ ಇಲ್ಲವೋ ಎಂಬ ಚಿಂತೆ ಹತ್ತಿದ್ದು ಆಗಲೇ.

೧. ಜೋಳದ ಹೊಲದ ಚಿರತೆ

ಜೋಳ ಹಾಲುಗಾಳಾಗಿ, ಎಳೆ ತೆನೆ ಸುಟ್ಟು ಸೀತನಿ ತಿನ್ನುವ ದಿನಗಳಲ್ಲಿ ಗೌಡರೊಬ್ಬರ ಹೊಲದಲ್ಲಿ ಚಿರತೆ ಕಂಡಿತೆಂದು ಗ್ರೂಪಿನಲ್ಲಿ ಬಂತು. ಜೊತೆಗೆ ಫೋಟೋ. ಆ ದಾರಿಯಲ್ಲಿ ಜನ ಓಡಾಡುವುದನ್ನೇ ಬಿಟ್ಟರು. ನಾನು ಅರಣ್ಯ ಇಲಾಖೆಯವರನ್ನು ವಿಚಾರಿಸಿದೆ. ಹೆಜ್ಜೆ ಗುರುತು ಒಂದೂ ಇಲ್ಲ ಎಂದರು. ಹೊಲಕ್ಕೇ ಹೋಗಿ ನೋಡಿದರೆ ಗೌಡರು ಆರಾಮಾಗಿ ಎಲೆಯಡಿಕೆ ಹಾಕುತ್ತಾ ಕುಳಿತಿದ್ದರು.

"ಚಿರ್ತಿ ಎಲ್ಲದ್ರಿ ಗೌಡ್ರ?"

"ನಾನ ಬಿಟ್ಟೀನ್ರಿ ಗ್ರೂಪಿನ್ಯಾಗ," ಎಂದರು ಮೆಲ್ಲಗೆ. "ದಿನಾ ಸೀತನಿ ತಿನ್ನಾಕ ತೆನಿ ಮುರಕೊಂಡ ಹೋಗ್ತಿದ್ರು. ಈಗ ಒಬ್ಬರೂ ಬರವಲ್ರು. ನೀವು ಒಂದ ವಾರ ಸುಮ್ಮನಿರ್ರಿ."

ಸುಮ್ಮನಿರುವುದು ನನ್ನ ಜಾಯಮಾನವಲ್ಲ. "ಚಿರತೆ ಇಲ್ಲ" ಎಂದು ಬರೆದೆ. ಮೂರನೆಯ ದಿನ ಗೌಡರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು.

"ನಿಮ್ಮ ಪೇಪರ ಯಾರೂ ಓದೂದಿಲ್ಲ ಅಂತಿದ್ರು, ಸುಳ್ಳರಿ ಅದು. ಒಂದ ಸಾಲಿನ ತೆನಿ ಪೂರಾ ಖಾಲಿ ಆಗ್ಯಾವ."

೨. ಹೋಟಗಿಯ ರೈಲು

ಇದು ನಮ್ಮ ಮನೆಯೊಳಗಿನದೇ. ವಿಜಾಪುರದಿಂದ ನಾದಿನಿ ಬರುವವಳಿದ್ದಳು. ಹೋಟಗಿಯವರೆಗೆ ರೈಲು, ಅಲ್ಲಿಂದ ಬಸ್ಸು. ಹೆಂಡತಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಾಗ ಅವಳ ತವರಿನವರ ಗ್ರೂಪಿನಲ್ಲಿ ಸುದ್ದಿ ಬಂತು: ಹೋಟಗಿ ಹತ್ತಿರ ಹಳಿ ಕಿತ್ತಿದೆ, ಇವತ್ತು ಯಾವ ರೈಲೂ ಇಲ್ಲ. ಹೂರಣ ಅಲ್ಲಿಗೇ ನಿಂತಿತು, ಅಳು ಶುರುವಾಯಿತು.

ನಾನು ಹೋಟಗಿಯ ಪರಿಚಯದವರಿಗೆ ಫೋನ್ ಮಾಡಿದೆ. ರೈಲು ಸರಿಯಾದ ವೇಳೆಗೆ ಬಂದು ಹೋಗಿದೆ ಎಂದರು. ಹೆಂಡತಿ ಒಪ್ಪಲಿಲ್ಲ. "ಅವರು ಮುಚ್ಚಿಡ್ತಾರ್ರಿ. ಖರೇ ಸುದ್ದಿ ಗ್ರೂಪಿನ್ಯಾಗ ಬರ್ತದ."

ಒಂದು ತಾಸು ಇದೇ ವಾದ ನಡೆಯಿತು. ಅಷ್ಟರಲ್ಲಿ ನಾದಿನಿ ಚೀಲ ಹಿಡಿದು ಬಾಗಿಲಲ್ಲಿ ನಿಂತಳು.

"ನೀ ಹ್ಯಾಂಗ ಬಂದಿ? ರೈಲ ಬಂದ್ ಆಗ್ಯಾವಲ್ಲ?"

"ಹೌದಕ್ಕ, ರೈಲಿನ್ಯಾಗ ಕುಂತಾಗ ನನಗೂ ಬಂತು. ನಾನ ನಮ್ಮ ಗ್ರೂಪಿಗಿ ಫಾರ್ವರ್ಡ್ ಮಾಡೀನಿ."

೩. ಕೆರೆ ಒಡೆಯಿತು

ಒಂದು ಮಧ್ಯಾಹ್ನ ಗ್ರೂಪಿನಲ್ಲಿ ಎರಡೇ ಮಾತು ಬಂದವು: "ತಲಾವ್ ಫುಟಲಾ, ಪಳಾ." ಕೆರೆ ಒಡೆದಿದೆ, ಓಡಿ. ಹಾಕಿದವನು ಮೊಬೈಲ್ ಅಂಗಡಿಯವನೇ. ಅಂಗಡಿ ಹಿಂದಿನ ಹಳ್ಳದಲ್ಲಿ ಕೆಂಪು ರಾಡಿ ನೀರು ಹರಿದುಬರುವುದನ್ನು ಕಂಡಿದ್ದ, ವಿಡಿಯೋ ಸಮೇತ ಹಾಕಿದ್ದ. ಐದು ನಿಮಿಷದಲ್ಲಿ ಊರೇ ಬೀರೋಬಾನ ಗುಡಿಯ ದಿಬ್ಬ ಹತ್ತಿತು. ಅವನು ಪಕ್ಕದ ಮನೆಯ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ಹತ್ತಿಸಿದ. ಆ ಪುಣ್ಯ ಅವನಿಗಿರಲಿ.

ನಾನು ಗಾಡಿ ಹತ್ತಿ ಕೆರೆಯ ಕಡೆಗೇ ಹೋದೆ. ಹೆದರಿಕೆ ಇತ್ತು, ಸುಳ್ಳೇಕೆ ಹೇಳಲಿ. ಹೋಗಿ ನೋಡಿದರೆ ಕೆರೆ ಗಟ್ಟಿಯಾಗಿದೆ. ಕೋಡಿಯ ಕೆಳಗಿನ ಹಳ್ಳದಲ್ಲಿ ನಾಲ್ಕು ಹಿಂಡು ಕುರಿ, ಸೊಂಟದವರೆಗೆ ನೀರಿನಲ್ಲಿ ನಿಂತ ಕುರುಬರು, ಅಲ್ಲಿಂದ ಊರ ಕಡೆ ಹರಿಯುವ ಅದೇ ಕೆಂಪು ರಾಡಿ.

"ನಾಳಿ ಕುರಿ ಉಣ್ಣೆ ಕತ್ತರಸೂದದರಿ," ಎಂದ ಒಬ್ಬ. "ಅದಕ್ಕ ಮೈ ತೊಳ್ಯಾಕತ್ತೀವಿ."

ದಿಬ್ಬಕ್ಕೆ ಬಂದು ಹೇಳಿದೆ. ಜನ ನನ್ನ ಮುಖ ನೋಡಿದರು, ಮೊಬೈಲ್ ನೋಡಿದರು. ಯಾರೂ ಕದಲಲಿಲ್ಲ. ಇಪ್ಪತ್ತಾರು ವರ್ಷ ದುಡಿದದ್ದು ಇಷ್ಟಕ್ಕೇ ಏನು ಎಂದುಕೊಂಡೆ. ಆಗ ಆ ಮುದುಕಿ ಎದ್ದು ನನ್ನ ಕಡೆ ಕೈ ಮಾಡಿದಳು.

"ಅಂವ ಕಣ್ಣೀಲೆ ನೋಡಿದ್ದ ಅಷ್ಟ ಹೇಳಾಂವ. ನಡೀರಿ ಮನಿಗಿ," ಎಂದು ಅಂಗಡಿಯವನ ಕಡೆ ತಿರುಗಿದಳು. "ಹೊತ್ತ ತಂದೀದಿ, ಹೊತ್ತ ಒಯ್ಯಿ."

ಊರಿಗೆ ಊರೇ ಇಳಿಯಿತು. ಅವತ್ತು ನನಗಾದ ಹೆಮ್ಮೆ ಯಾವ ಸತ್ಕಾರದ ಶಾಲಿನಿಂದಲೂ ಆಗಿಲ್ಲ.

ಮರುದಿನ ಪೇಪರಿನಲ್ಲಿ ಬಂತು: ಸುಳ್ಳು ಸುದ್ದಿಗೆ ಬೆದರಿದ ಊರು, ವೃದ್ಧೆಯನ್ನು ಹೊತ್ತು ದಿಬ್ಬ ಹತ್ತಿ ಇಳಿದ ಯುವಕ. ಬೆಳಿಗ್ಗೆಯೇ ಅಂಗಡಿಯವನು ಪೇಪರ್ ಹಿಡಿದು ಮನೆಗೆ ಬಂದ. ಮರಾಠಿ ಶಾಲೆಯಲ್ಲಿ ಕಲಿತ ಅವನಿಗೆ ಕನ್ನಡ ಓದಲು ಬರುವುದಿಲ್ಲ, ಹಿಂದಿನ ಕಾಲದ ಕನ್ನಡ ಶಾಲೆ ಕಲಿತ ಮುದುಕಿಯಿಂದ ಓದಿಸಿಕೊಂಡು ಬಂದಿದ್ದ.

"ಕಾಕಾ, ನನ್ನ ಹೆಸರ ಹಾಕಿಲ್ಲಲ್ರಿ?"

"ಹಾಕಿದ್ರ, ಸುಳ್ಳ ಸುದ್ದಿ ಬಿಟ್ಟಾಂವನೂ ನೀನ ಅಂತ ಬರೀಬೇಕಾಗ್ತಿತ್ತು."

"ಅದನ್ನೂ ಬರೀರಿ, ನಡೀತದ. ಹುಲಜಂತಿ ಕಡಿ ಹೆಣ್ಣ ನೋಡೀವಿ. ಹುಡುಗಿ ಅಪ್ಪಗ ತೋರಸಬೇಕು."

"ಮುದುಕಿನ ಹೊತ್ತ ಫೋಟೋ ಗ್ರೂಪಿನ್ಯಾಗ ಹಾಕೀದಿ ಅಲ್ಲ? ಅದನ್ನ ತೋರಸು."

ಅವನು ಆಚೀಚೆ ನೋಡಿ ದನಿ ಇಳಿಸಿದ.

"ಗ್ರೂಪಿನ್ಯಾಗ ಬಂದದ್ದ ಯಾರು ನಂಬ್ತಾರ್ರಿ, ಕಾಕಾ?"