ಫ್ರಾನ್ಸಿನವಳಿಗೊಂದು ಎಡೆ

ನಮ್ಮ ಸೋದರತ್ತೆ ಮೈಸೂರು ದಾಟಿ ಆಚೆ ಹೋದವರಲ್ಲ. ಆದರೆ ಫ್ರಾನ್ಸಿನ ಒಬ್ಬ ಸಿನಿಮಾ ನಟಿಯ ಸಂಸಾರದ ಗುಟ್ಟು ಅವರಷ್ಟು ಬಲ್ಲವರು ಇಡೀ ಕೊಡಗಿನಲ್ಲಿ ಇನ್ನೊಬ್ಬರಿಲ್ಲ, ಬೇಕಾದರೆ ಬಾಜಿ ಕಟ್ಟುತ್ತೇನೆ!

ಗಂಡ ಬಿಟ್ಟುಹೋದ ಮೇಲೆ ಅತ್ತೆ ನಮ್ಮ ಮನೆಯಲ್ಲೇ ಇದ್ದು, ಕುಶಾಲನಗರದ ಹತ್ತಿರ ಹೊಲಿಗೆ ಅಂಗಡಿ ಇಟ್ಟುಕೊಂಡವರು. ಯಾವುದೋ ಎಸ್ಟೇಟಿನ ಯಜಮಾನಿ ಬ್ಲೌಸಿನ ಕತ್ತು ಹೀಗೇ ಬರಬೇಕೆಂದು ಆ ನಟಿಯ ಫೋಟೋ ತಂದುಕೊಟ್ಟರು. ಬ್ಲೌಸು ಹೋಯಿತು, ಫೋಟೋ ಉಳಿಯಿತು. ಅಂದಿನಿಂದ ಆಕೆಯ ಸುದ್ದಿಯನ್ನು ಮೊಬೈಲಿನಲ್ಲಿ ಹುಡುಕಿ ಕನ್ನಡದಲ್ಲಿ ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ಹದಿನೇಳಕ್ಕೇ ಮನೆ ಬಿಟ್ಟದ್ದು, ಮೊದಲ ಚಿತ್ರ ಮಕಾಡೆ ಮಲಗಿದ್ದು, ಮೂರನೆಯದರಲ್ಲಿ ಹೆಸರಾದದ್ದು, ಎಲ್ಲಕ್ಕೂ ಅತ್ತೆಯ ಟೀಕೆ ಸಿದ್ಧ. ಬಹುಮಾನ ಬಂದ ಚಿತ್ರದಲ್ಲಿ ಅವಳ ಗೌನಿನ ತೋಳು ಬಿಗಿಯಾಗಿದೆಯಂತೆ. ಎರಡನೇ ಗಂಡನೂ ಬಿಟ್ಟುಹೋದ ಎಂದರೆ, "ಅವನ ಕೋಟಿನ ಭುಜ ನೋಡ್ದಾಗ್ಲೇ ನಂಗೆ ಅನುಮಾನ ಇತ್ತು" ಅಂದರು.

ಹೋದ ವರ್ಷ ನಟಿ ತೀರಿಕೊಂಡರು. ಅತ್ತೆ ತಲೆಗೆ ನೀರು ಹಾಕಿಕೊಂಡು, ಒಂದು ದಿನ ಅಂಗಡಿಯನ್ನೇ ಮುಚ್ಚಿದರು. ಯಾರು ಹೋದರು ಎಂದು ಗಿರಾಕಿಗಳು ಕೇಳಿದರೆ ನಾನೇನು ಹೇಳಲಿ? ದೂರದ ನೆಂಟರು ಎಂದೆ. ದೂರವಂತೂ ಸುಳ್ಳಲ್ಲವಲ್ಲ!

ನನ್ನ ಮಾನ ಹೋದದ್ದು ಪಿತೃಪಕ್ಷದಲ್ಲಿ. ತೀರಿಹೋದ ಹಿರಿಯರ ಫೋಟೋ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ನನಗೆ ಮದುವೆಯಾದ ಹೊಸದು; ಈ ಸಲ ಹೆಣ್ಣು ಕೊಟ್ಟ ಮಾವನ ಮನೆಯವರೂ ಬಂದಿದ್ದರು. ನೋಡುತ್ತೇನೆ, ತಾತ ಅಜ್ಜಿಯ ನಡುವೆ, ಅಗಲ ಕತ್ತಿನ ಗೌನು ತೊಟ್ಟು, ಫ್ರಾನ್ಸಿನವಳು! ಎಲೆಯ ಮೇಲೆ ಕೋಳಿ ಸಾರು, ಜೊತೆಗೆ ಬೇಕರಿ ಬನ್ನು. ಇವರ್ಯಾರು ಎಂದು ಮಾವ ಕೇಳಿದರು. ನಾನು ಫೋಟೋ ಮಗುಚಿ ಹಾಕಿ, ನಮ್ಮತ್ತೆಗೆ ಸ್ವಲ್ಪ ತಲೆ ಸರಿಯಿಲ್ಲ ಎಂದು ನಕ್ಕೆ. ಅವರೂ ನಕ್ಕರು. ಹಿಂದೆಯೇ ಅತ್ತೆ ಪಾಯಸದ ಪಾತ್ರೆ ಹಿಡಿದು ನಿಂತಿದ್ದರು.

"ಅವಳಿಗೆ ಮಕ್ಕಳಿಲ್ಲ ಅಂತ ನೀನೇ ಓದಿ ಹೇಳಿದ್ದಲ್ವೇನೋ," ಅಂದರು ಮೆಲ್ಲಗೆ. "ಎಡೆ ಇಡೋಕೆ ಯಾರಿದಾರೆ?"

ಅತ್ತೆಗೂ ಮಕ್ಕಳಿಲ್ಲ. ನನ್ನ ಶಾಲೆಯ ಚಡ್ಡಿಯಿಂದ ಮದುವೆಯ ಕೋಟಿನವರೆಗೆ ಹೊಲಿದದ್ದು ಅದೇ ಕೈ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನಾಚಿಕೆಯಿಂದ ಫೋಟೋ ಎತ್ತಿ, ಒರೆಸಿ ನಿಲ್ಲಿಸಿದೆ. ಇವರು ನಮ್ಮ ಮನೆಗೆ ಬೇಕಾದವರು ಎಂದು ಮಾವನಿಗೆ ಹೇಳಿದೆ. ಆಮೇಲೆ ಅತ್ತೆಯನ್ನು ಎಲೆಯ ಮುಂದೆ ಕೂರಿಸಿ ಪಕ್ಕ ಕೂತೆ.

"ಅತ್ತೆ, ನಿಮಗೆ ನಾನಿದ್ದೀನಲ್ಲ."

ಅತ್ತೆ ಕಣ್ಣೊರೆಸಿಕೊಂಡು, ನಟಿಯ ಎಲೆಯಿಂದ ಹಸಿಮೆಣಸಿನಕಾಯಿ ಎತ್ತಿ ಪಕ್ಕಕ್ಕಿಟ್ಟರು.

"ಗೊತ್ತು ಕಣೋ. ಆದ್ರೆ ನನ್ನ ಎಲೆಗೆ ಖಾರ ಕಮ್ಮಿ ಮಾಡ್ಬೇಡ. ನಾನೇನು ಫ್ರಾನ್ಸಿನವಳಲ್ಲ."