ತಿಕ್ಕಿ ಕೆಡಿಸಿದ ಬಿಲ್ಲೆ

ಕೆಲವರಿಗೆ ಉಗುರು ಕಚ್ಚುವ ಚಟ, ಕೆಲವರಿಗೆ ಎಲೆ ಅಡಿಕೆಯ ಚಟ. ನನ್ನದು ತಿಕ್ಕುವ ಚಟ. ಕಲೆ ಬಿದ್ದ ಲೋಹ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬೀಗರ ಮನೆಗೆ ಊಟಕ್ಕೆ ಹೋದಾಗ ಮಾತಾಡುತ್ತಲೇ ಅವರ ತಂಬಿಗೆಯನ್ನು ಕರವಸ್ತ್ರದಿಂದ ಬೆಳಗಿಟ್ಟು, ಆ ಮನೆಯ ಹೆಣ್ಣುಮಕ್ಕಳ ಸಿಟ್ಟಿಗೆ ಗುರಿಯಾದವನು ನಾನು. ತಪ್ಪು ಪೂರ್ತಿ ನನ್ನದಲ್ಲ. ನಮ್ಮ ಅಬ್ಬಾ ಜಕ್ಕಲಿ, ಅಬ್ಬಿಗೇರಿ ಅಂತ ಊರೂರು ತಿರುಗಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ನಾನು ರೋಣದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದೇನೆ. ಈಗ ಎಲ್ಲರ ಮನೆಯಲ್ಲೂ ಸ್ಟೀಲು, ಕಲಾಯಿ ಕೇಳುವವರಿಲ್ಲ. ನನ್ನ ಕೈಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ನನ್ನ ಹೆಂಡತಿ ಶಮೀಮ್ ಗಜೇಂದ್ರಗಡದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಬಸ್ಸಿನಲ್ಲಿ ಓಡಾಡಿಕೊಂಡೇ ಪಿಎಚ್.ಡಿ. ಕೂಡ ಮಾಡುತ್ತಿದ್ದಾಳೆ. ಅದಕ್ಕಾಗಿ ಉಗುರಗಲದ ನಾಲ್ಕು ಸ್ಟೀಲಿನ ಬಿಲ್ಲೆಗಳನ್ನು ದೂರದ ಒಂದು ಪ್ರಯೋಗಾಲಯಕ್ಕೆ ಒಯ್ದಿದ್ದಳು. ಅಲ್ಲಿನ ಯಂತ್ರದ ಸರದಿ ಸಿಗಲು ಒಂದು ವರ್ಷ ಕಾದಿದ್ದಳು. ತಿರುಗಿ ತಂದಾಗ ನೋಡಿದರೆ, ಪ್ರತಿಯೊಂದು ಬಿಲ್ಲೆಯ ನಡುವೆಯೂ ಒಂದು ದುಂಡನೆಯ ಮಬ್ಬು ಕಲೆ.

"ಇಷ್ಟ ದೂರ ಒಯ್ದು ಕೆಡಿಸ್ಕೊಂಡು ಬಂದಿಯೇನು?" ಎಂದೆ.

"ಕೆಡಸಾಕಂತನ ಒಯ್ದಿದ್ದೆನ್ರಿ" ಎಂದಳು.

ಆಮೇಲೆ ತಿಳಿಸಿ ಹೇಳಿದಳು. "ಗದಗ ಬಸ್ಸಿನ್ಯಾಗ ಎಲ್ಲಾರೂ ಸಾಲಾಗಿ ಕುಂತಾರಂತ ತಿಳ್ಕೋರಿ. ಅವರು ಸ್ಟೀಲಿನ ಪರಮಾಣುಗಳು. ಅಬ್ಬಿಗೇರಿಯೊಳಗ ಒಬ್ಬಾಂವ ಓಡಿ ಬಂದು ನುಗ್ಗಿದ. ಅಂವ ಅಯಾನು, ಆ ಯಂತ್ರ ಜೋರಿಲೆ ಒಗಿಯೋ ವಿದ್ಯುತ್ ಕಣ. ಅಂವ ಒಬ್ಬನ್ನ ದಬ್ಬಿದ, ಅಂವ ಮತ್ತೊಬ್ಬನ್ನ ದಬ್ಬಿದ. ಕಡೀಗೆ ಅಲ್ಲಲ್ಲಿ ಸೀಟು ಖಾಲಿ, ನಿಲ್ಲಬಾರದ ಕಡೆ ಮಂದಿ ನಿಂತಾರ. ಭಾಳ ಮಂದಿ ತಿರುಗಿ ಬಂದು ಕೂಡ್ತಾರ. ಕೂಡದವರ ಸಲುವಾಗಿನ ನನ್ನ ಓದು."

"ನುಗ್ಗಿದವಗ ಸೀಟು ಸಿಕ್ಕಿತೇನು?"

"ಒಳಗೆಲ್ಲೋ ಸಿಕ್ಕೊಂಡು ನಿಂತ."

ಅಣುಶಕ್ತಿ ಸ್ಥಾವರದ ಒಳಗಿನ ಲೋಹ ವರ್ಷಗಟ್ಟಲೆ ಇಂಥ ಪೆಟ್ಟು ತಿನ್ನುತ್ತದಂತೆ. ಅದು ಎಷ್ಟು ತಡೆದೀತು ಎಂದು ತಿಳಿಯಲು ಯಂತ್ರದಲ್ಲಿ ಬೇಗನೆ ಕೆಡಿಸಿ ನೋಡುತ್ತಾರಂತೆ. ನಾನು ತಲೆಯಾಡಿಸಿದೆ. ಖರೇ ಹೇಳುತ್ತೇನೆ, ನನ್ನ ಕಿವಿ ಅವಳ ಕಡೆಗಿದ್ದರೂ ಕಣ್ಣು ಕಲೆಯ ಮೇಲೇ ಇತ್ತು. "ಮುಟ್ಟಬ್ಯಾಡ್ರಿ ಮತ್ತ" ಎಂದು ಹೇಳಿ ಅವಳು ಬಿಲ್ಲೆಗಳನ್ನು ಡಬ್ಬಿಯಲ್ಲಿಟ್ಟಳು.

ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಅಂಗಡಿಗೆ ರಜೆಯಿದ್ದ ಒಂದು ಮಧ್ಯಾಹ್ನ, ಅವಳು ಕಾಲೇಜಿಗೆ ಹೋಗಿದ್ದಾಗ, ನಾನು ಡಬ್ಬಿ ತೆರೆದೆ. ನಾಲ್ಕನೆಯ ಬಿಲ್ಲೆಯ ಕಲೆ ಎಲ್ಲಕ್ಕಿಂತ ದಟ್ಟವಾಗಿತ್ತು. ಪಾಪ, ಇಷ್ಟು ಕಷ್ಟಪಟ್ಟವಳಿಗೆ ಒಂದಾದರೂ ಚಲೋ ಬಿಲ್ಲೆ ಇರಲಿ ಅನಿಸಿತು. ಅವಳ ಮಾತಿಗೆ ಬೆಲೆ ಕೊಟ್ಟು ಕೈಯಿಂದ ಮುಟ್ಟಲಿಲ್ಲ, ಚಿಮಟದಲ್ಲಿ ಹಿಡಿದೆ. ಮೊದಲು ನುಣುಪು ಪಾಲಿಶ್ ಕಾಗದ, ಆಮೇಲೆ ಅಬ್ಬಾ ಕಲಿಸಿದಂತೆ ಮೆತ್ತನೆಯ ಅರಿವೆ. ಕೊನೆಗೆ ಅದರಲ್ಲಿ ನನ್ನ ಮೀಸೆಯ ಬಿಳಿ ಕೂದಲು ಎಣಿಸಬಹುದಾಗಿತ್ತು.

ಸಂಜೆ ಅವಳು ಬಂದ ಕೂಡಲೇ ಚಹಾದ ಜೊತೆಗೆ ಬಿಲ್ಲೆಯನ್ನೂ ಮುಂದಿಟ್ಟೆ. ನಮ್ಮ ಮನೆಯ ಮಾತು ಅರ್ಧ ಉರ್ದು, ಅರ್ಧ ಕನ್ನಡ, ನಿಮಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಿದ್ದೇನೆ ಅಷ್ಟೇ. ಬಹಳ ಸಿಟ್ಟೋ ದುಃಖವೋ ಆದಾಗ ಮಾತ್ರ ಅವಳು ಪೂರ್ತಿ ಕನ್ನಡಕ್ಕೆ ಇಳಿಯುತ್ತಾಳೆ. ಅವತ್ತು ಇಳಿದಳು.

"ಇದರ ಮ್ಯಾಲಿನ ಕಲೆ ಎಲ್ಲಿ ಹೋತ್ರಿ?"

"ತಗದೆ. ಗುರುತೂ ಉಳಿದಿಲ್ಲ ನೋಡು."

"ನಾ ಒಂದ ವರ್ಷ ಕಾದದ್ದು ಆ ಕಲೆ ಸಲುವಾಗಿ" ಎಂದು ಕುಳಿತುಬಿಟ್ಟಳು. ಅಯಾನುಗಳು ಕೆಡಿಸುವುದು ಮೇಲಿನ ಒಂದು ಪದರನ್ನು ಮಾತ್ರವಂತೆ, ಕೂದಲಿನ ದಪ್ಪದ ನೂರರಲ್ಲಿ ಒಂದು ಪಾಲು. ಅದಷ್ಟನ್ನೂ ನಾನು ತಿಕ್ಕಿ ತೆಗೆದಿದ್ದೆ. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದದ್ದು ಆ ಬಿಲ್ಲೆಯೇ. ಅದಿಲ್ಲದೆ ಉಳಿದ ಮೂರರಿಂದ ಅವಳ ಪ್ರಬಂಧ ಮುಗಿಯುವಂತಿರಲಿಲ್ಲ.

"ಮತ್ತ ಕೆಡಿಸಿಕೊಡ್ಲೇನು? ಸುತ್ತಿಗಿ ಐತಿ, ಬೆಂಕಿ ಐತಿ" ಎಂದೆ.

"ನೀವು ಬಸ್ಸನ ಸುಟ್ಟುಬಿಡ್ತೀರಿ. ನನಗ ಮಂದಿ ಸೀಟು ತಪ್ಪಿದ್ದಷ್ಟ ಬೇಕಾಗಿತ್ತು" ಎಂದಳು. ನಗಲು ಹೋಗಿ ಕಣ್ಣು ಒರೆಸಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯದೆ ಮುಖ ತೊಳೆದುಕೊಂಡು, ಇನ್ನೊಂದು ಸರದಿ ಕೊಡಿ ಎಂದು ಅರ್ಜಿ ಬರೆಯಲು ಕುಳಿತಳಲ್ಲ, ಅದನ್ನು ನೋಡಿ ನನಗೆ ಬಹಳ ಸಂಕಟವಾಯಿತು.

"ಕಾರಣ ಅಂತ ಕೇಳ್ಯಾರ. ಏನ ಬರೀಲ್ರಿ?"

"ಗಂಡ ಅಂತ ಬರಿ."

ಅವಳು ಹಾಗೆ ಬರೆಯಲಿಲ್ಲ. 'ಮಾದರಿಯ ಮೇಲ್ಮೈಗೆ ಮನೆಯಲ್ಲಿ ಹಾನಿಯಾಗಿದೆ' ಎಂದು ಬರೆದಳು. ನಮ್ಮ ಮನೆತನದ ತಿಕ್ಕುವಿಕೆಯನ್ನು ಹಾನಿ ಎಂದು ಕರೆದದ್ದು ಅದೇ ಮೊದಲು. ಅಬ್ಬಾ ಇಲ್ಲದಿದ್ದುದು ಒಳ್ಳೆಯದೇ ಆಯಿತು.

ಎಂಟು ತಿಂಗಳ ಮೇಲೆ ಸರದಿ ಸಿಕ್ಕಿತು. ಶಮೀಮ್ ಹೊಸ ಬಿಲ್ಲೆಯೊಂದನ್ನು ತಂದು ನನ್ನ ಮುಂದಿಟ್ಟಳು. ಯಂತ್ರಕ್ಕೆ ಹೋಗುವ ಮೊದಲು ಅದು ಕನ್ನಡಿಯಂತಿರಬೇಕಂತೆ. "ತಿಕ್ಕೂದಿದ್ರ ಈಗ ತಿಕ್ಕ್ರಿ. ಬಂದ ಮ್ಯಾಲ ಕೈ ಹಚ್ಚಬ್ಯಾಡ್ರಿ" ಎಂದಳು. ಎರಡು ಸಂಜೆ ಕುಳಿತು ತಿಕ್ಕಿದೆ. ಚೆನ್ನಾಗಿ ಕೆಟ್ಟು ಬರಲಿ ಎಂದು ದುವಾ ಮಾಡಿ ಕಳಿಸಿದೆ.

ಹೋದ ವಾರ ಅದು ಕಲೆ ಹೊತ್ತು ಬಂದಿದೆ. ನಾಲ್ಕನ್ನೂ ಕಪಾಟಿನಲ್ಲಿಟ್ಟು, ಅಬ್ಬಾರ ಕಾಲದ ಹಿತ್ತಾಳೆ ಬೀಗ ಜಡಿದು, ಕೀಲಿಯನ್ನು ಅವಳು ತನ್ನ ಬ್ಯಾಗಿಗೆ ಹಾಕಿಕೊಂಡಿದ್ದಾಳೆ. "ನಿಮ್ಮ ಮ್ಯಾಲ ನಂಬಿಕಿ ಐತ್ರಿ, ನಿಮ್ಮ ಕೈ ಮ್ಯಾಲಿಲ್ಲ" ಎಂದಳು. ನಾನು ಬಿಲ್ಲೆಗಳ ಸುದ್ದಿಗೇ ಹೋಗಿಲ್ಲ. ಆದರೆ ನಿನ್ನೆ ಕಾಲೇಜಿನಿಂದ ಬಂದವಳು ಕಪಾಟಿನ ಕಡೆ ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು. ಬೀಗ ಬಂಗಾರದ ಹಾಗೆ ಹೊಳೆಯುತ್ತಿತ್ತು.