ಮೊದಲ ಸಲದ ‘ಬೇಡ’ ಮತ್ತು ಹಳದಿ ರೆಕ್ಕೆಯ ವಿಮಾನ

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಬಹಳ ಶಿಸ್ತಿನ ಮನುಷ್ಯ. ಸಿಕ್ಕಸಿಕ್ಕವರ ಮೇಲೆಲ್ಲ ಪಡುವುದಿಲ್ಲ. ಸ್ವಂತ ದ್ವೀಪ ಕೊಂಡವರು, ಖಾಸಗಿ ಜೆಟ್‌ನಲ್ಲಿ ಓಡಾಡುವವರು, ಇಂಥವರ ಸುದ್ದಿ ಓದಿದರೆ ನನಗೆ ಏನೂ ಅನ್ನಿಸುವುದಿಲ್ಲ. ಪುಟ ತಿರುಗಿಸಿ ನಾಳೆಯ ಹವಾಮಾನ ನೋಡುತ್ತೇನೆ. ನನ್ನ ಹೊಟ್ಟೆ ಉರಿಯಬೇಕಾದರೆ ಆ ವ್ಯಕ್ತಿ ನನಗೆ ಪರಿಚಯದವರಾಗಿರಬೇಕು, ನನಗಿಂತ ಚಿಕ್ಕವರಾಗಿರಬೇಕು, ಸ್ವಭಾವದಲ್ಲಿ ಒಳ್ಳೆಯವರಾಗಿರಬೇಕು, ಮತ್ತು ನನಗೆ ಬೇಕಾಗಿದ್ದನ್ನೇ ನನ್ನ ಕಣ್ಣೆದುರಿಗೇ ಹೊಡೆದುಕೊಂಡು ಹೋಗಿರಬೇಕು. ಇಷ್ಟೂ ಲಕ್ಷಣಗಳು ಒಬ್ಬರಲ್ಲೇ ಕೂಡಿಬರುವುದು ಅಪರೂಪ. ನನಗೆ ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಎಂಬ ಊರಿನಲ್ಲಿ ಕೂಡಿಬಂದವು. ಅವಳ ಹೆಸರು ಸುಮನಾ. ಧಾರವಾಡದ ಹುಡುಗಿ, ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ, ನನ್ನನ್ನು ಬಾಯಿತುಂಬ ‘ಸರ್’ ಎನ್ನುತ್ತಾಳೆ, ಊರಿಗೆ ಹೋಗಿ ಬಂದಾಗಲೆಲ್ಲ ನಮ್ಮ ಮನೆಗೆ ಪೇಡೆ ತಂದುಕೊಡುತ್ತಾಳೆ. ಇಂಥವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟವೆಂದು ಪೇಡೆ ತಿನ್ನುತ್ತ ಪಟ್ಟು ನೋಡಿದವರಿಗೇ ಗೊತ್ತು.

ವಿಷಯ ಒಂದು ವಿಮಾನದ್ದು. ನಾನು ಕೆಲಸ ಮಾಡುವುದು ವಿಮಾನದ ಎಂಜಿನ್ನುಗಳ ಭಾಗ ತಯಾರಾಗುವ ಜಾಗದಲ್ಲಿ. ಹನ್ನೊಂದು ವರ್ಷ ಎಂಜಿನ್ನಿನ ಒಂದೇ ಒಂದು ಬಳೆಯಂಥ ಭಾಗದ ಬಿಸಿ ಎಷ್ಟು, ಒತ್ತಡ ಎಷ್ಟು ಎಂದು ಲೆಕ್ಕ ಹಾಕಿದ ಮೇಲೆ, ಇಡೀ ವಿಮಾನವನ್ನು ಒಮ್ಮೆಯಾದರೂ ಮುಟ್ಟಿ ನೋಡಬೇಕೆನಿಸಿ ಊರಾಚೆಯ ಫ್ಲೈಯಿಂಗ್ ಕ್ಲಬ್ ಸೇರಿದೆ. ಪೈಲಟ್ ಲೈಸೆನ್ಸೂ ಬಂತು. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಕ್ಲಬ್ಬಿನಲ್ಲಿ ಬಾಲಚಕ್ರದ ವಿಮಾನಗಳೆಂಬ ಒಂದು ಮೇಲ್ಜಾತಿ ಇದೆ. ಮಾಮೂಲಿ ವಿಮಾನಕ್ಕೆ ಮೂತಿಯ ಕೆಳಗೊಂದು ಚಕ್ರವಿರುತ್ತದೆ, ಅದು ಸಾಧು. ಇವಕ್ಕೆ ಆ ಚಕ್ರ ಬಾಲದಡಿ ಇರುತ್ತದೆ. ನೆಲದ ಮೇಲಿದ್ದಾಗ ಮೂತಿ ಆಕಾಶ ನೋಡುತ್ತದೆ, ಒಳಗೆ ಕೂತವನಿಗೆ ಮುಂದಿನದೇನೂ ಕಾಣುವುದಿಲ್ಲ. ಅತ್ತ ಇತ್ತ ಹೊರಳಿಸಿ ಇಣುಕುತ್ತ ಸಾಗಬೇಕು. ಇಳಿದ ಮೇಲಂತೂ ಬಾಲಕ್ಕೆ ಮೂತಿಗಿಂತ ಮುಂದೆ ಹೋಗುವ ಆಸೆ ಹುಟ್ಟುತ್ತದೆ. ಎರಡೂ ಕಾಲುಗಳನ್ನು ಪೆಡಲಿನ ಮೇಲೆ ಸದಾ ಕುಣಿಸುತ್ತ ಅದನ್ನು ಹದ್ದಿನಲ್ಲಿಡಬೇಕು. ನಮಗೆ ಕಲಿಸಿದ ಬಿರ್ಗಿಟ್ಟಾ ಎಂಬ ಹೆಂಗಸು ಹಿಂದಿನ ಸೀಟಿನಿಂದ “ಕಾಲು! ಕಾಲು!” ಎಂದು ಕೂಗಿದ್ದು ಈಗಲೂ ಲಿಫ್ಟಿನಲ್ಲಿ ನಿಂತಾಗ ಕಿವಿಯಲ್ಲಿ ಮೊಳಗಿ ಕಾಲು ತಾನಾಗಿ ಅಲ್ಲಾಡುತ್ತದೆ. ನಾನು ಇಳಿಸುವಾಗ ವಿಮಾನ ನೆಲ ಮುಟ್ಟಿ, ಮೇಲೆದ್ದು, ಯೋಚಿಸಿ, ಮತ್ತೆ ಮುಟ್ಟುತ್ತಿತ್ತು. ಒಂದು ದಿನ ಬಿರ್ಗಿಟ್ಟಾ ಪುಸ್ತಕದಲ್ಲಿ ಬರೆದುಕೊಳ್ಳುತ್ತ, “ಇದನ್ನು ಒಂದು ಇಳಿತ ಅಂತ ಬರೆಯಲೋ, ನಾಲ್ಕು ಅಂತಲೋ?” ಎಂದು ಗಂಭೀರವಾಗಿಯೇ ಕೇಳಿದಳು. ಅದೇ ತಿಂಗಳು ಕಲಿಯಲು ಬಂದ ಸುಮನಾ ಐದನೆಯ ಪಾಠಕ್ಕೇ ವಿಮಾನವನ್ನು ನಿದ್ದೆಹೋದ ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಇಳಿಸತೊಡಗಿದ್ದಳು. ನನ್ನ ಹೊಟ್ಟೆಯಲ್ಲಿ ಮೊದಲ ಕಿಡಿ ಬಿದ್ದಿದ್ದು ಆಗ.

ಹೇಗೋ ನನಗೂ ಬಾಲಚಕ್ರದ ಅನುಮತಿ ಸಿಕ್ಕಿತು. ಸಿಕ್ಕಿದ್ದೇ ತಡ, ನನಗೊಂದು ಸ್ವಂತ ವಿಮಾನ ಬೇಕೆನಿಸಿತು. ಅದೂ ಯಾರಾದರೂ ಮನೆಯಲ್ಲೇ ಕಟ್ಟಿದ, ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯಿರುವ, ತಲೆಯ ಮೇಲೆ ಮುಚ್ಚಳವಿಲ್ಲದ ವಿಮಾನ. ಕನ್ನಡಕ, ಚರ್ಮದ ಟೋಪಿ, ಗಾಳಿಗೆ ಹಾರುವ ಮಫ್ಲರು, ಇವಿಷ್ಟನ್ನು ಮನಸ್ಸಿನಲ್ಲೇ ತೊಟ್ಟು ಒಂದು ಚಳಿಗಾಲ ಪೂರ್ತಿ ಎಕ್ಸೆಲ್ ಶೀಟ್ ತುಂಬಿದೆ. ಒಂದು ಸೀಟೋ ಎರಡೋ? ಮರದ ಮೈಯೋ, ಉಕ್ಕಿನ ಕೊಳವೆಯದೋ? ಮುಂದಿನ ಚಕ್ರಗಳ ನಡುವಿನ ಅಗಲ ಎಷ್ಟು? ಈ ಕೊನೆಯದು ಮುಖ್ಯ. ಚಕ್ರಗಳು ಒತ್ತೊತ್ತಾಗಿದ್ದರೆ ನನ್ನಂಥ ಹೊಸಬನನ್ನು ಹುಲ್ಲಿನ ಮೇಲೆ ಬುಗುರಿಯಾಡಿಸಿಬಿಡುತ್ತದೆ. ಕಟ್ಟಿದವನ ಕೈ ಹೇಗಿದೆ ಎಂಬುದಕ್ಕೂ ಒಂದು ಕಾಲಂ ಇಟ್ಟಿದ್ದೆ. ನನ್ನ ಹೆಂಡತಿ ವಿದ್ಯಾ ಇದನ್ನೆಲ್ಲ ಹಿಂದೆ ನಿಂತು ನೋಡಿದಳು. “ಮೇಲ್ಗಡೆ ಓಪನ್ನಾ? ಸ್ವೀಡನ್‌ನಲ್ಲಿ? ರೀ, ಅಕ್ಟೋಬರ್‌ನಿಂದ ಏಪ್ರಿಲ್ ತನಕ ನೀವು ನಮ್ಮನೆ ಬಾಲ್ಕನಿಗೇ ಕಾಲಿಡಲ್ಲ. ಟವೆಲ್ ಒಣಗಿಹಾಕಿ ಅಂದ್ರೆ ಮಫ್ಲರ್ ಹುಡುಕ್ತೀರಾ!” ಎಂದಳು. ನಾನು ಶೀಟಿಗೆ ಇನ್ನೊಂದು ಕಾಲಂ ಸೇರಿಸಿದೆ.

ಆ ಶೀಟಿನಲ್ಲಿ ಎಲ್ಲ ಕಾಲಂಗಳಲ್ಲೂ ಪಾಸಾದ ವಿಮಾನ ಒಂದೇ. ಅದು ನಮ್ಮ ಕ್ಲಬ್ಬಿನ ಹ್ಯಾಂಗರಿನಲ್ಲೇ ಇತ್ತು. ರೂನೆ ಎಂಬ ಮುದುಕ ಹದಿನಾಲ್ಕು ಚಳಿಗಾಲ ಕೊಟ್ಟಿಗೆಯಲ್ಲಿ ಕೂತು ಕಟ್ಟಿದ್ದು. ಹಸಿರು ಮೈ, ಹಳದಿ ರೆಕ್ಕೆ, ಹಿಂದೊಂದು ಮುಂದೊಂದು ಸೀಟು (ಹಾರಿಸುವವರದು ಹಿಂದಿನದು), ಕಾಲು ಅಗಲಿಸಿ ನಿಂತ ಪೈಲ್ವಾನನ ಹಾಗೆ ಚಕ್ರಗಳು. ರೆಕ್ಕೆಯ ಬಟ್ಟೆಯ ಹೊಲಿಗೆಯೆಲ್ಲ ತೀರಿಹೋದ ಅವನ ಹೆಂಡತಿಯ ಕೈಯದು. ಕಳೆದ ವರ್ಷ ಡಾಕ್ಟರರ ಪರೀಕ್ಷೆಯಲ್ಲಿ ರೂನೆಯ ಕಣ್ಣು ಕೈಕೊಟ್ಟಿತು. ಒಬ್ಬನೇ ಹಾರಿಸುವಂತಿಲ್ಲ. ಅರ್ಧ ಪಾಲು ಯಾರಿಗಾದರೂ ಕೊಟ್ಟು, ಅವರು ಹಾರಿಸುವಾಗ ತಾನು ಮುಂದಿನ ಸೀಟಿನಲ್ಲಿ ಕೂರುವುದು ಅವನ ಯೋಚನೆ ಎಂದು ಕ್ಲಬ್ಬಿನಲ್ಲಿ ಗುಸುಗುಸು ಇತ್ತು. ಆದರೆ ಅವನು ಜಾಹೀರಾತು ಕೊಡುವ ಪೈಕಿಯಲ್ಲ. ಮನಸ್ಸಿಗೆ ಬಂದವರನ್ನು ಕೇಳುತ್ತಾನೆ. ಹೀಗಾಗಿ ನಾನು ಆರು ತಿಂಗಳು ಅವನ ಮನಸ್ಸಿಗೆ ಬರುವ ಕೆಲಸದಲ್ಲಿ ತೊಡಗಿದೆ. ಅವನ ಜೊತೆ ರೆಕ್ಕೆ ಒರೆಸಿದೆ, ಎಣ್ಣೆ ಬದಲಿಸಿದೆ, ಅವನ ಹುಲ್ಲು ಕತ್ತರಿಸುವ ಯಂತ್ರವನ್ನೂ ರಿಪೇರಿ ಮಾಡಿದೆ.

ಇಲ್ಲಿ ನನ್ನ ಒಂದು ಕಾಯಿಲೆಯ ಬಗ್ಗೆ ಹೇಳಬೇಕು. ಯಾರಾದರೂ ಏನಾದರೂ ಕೊಟ್ಟರೆ ಮೊದಲ ಸಲ ಬೇಡ ಎನ್ನಬೇಕು, ಎರಡನೆಯ ಸಲ “ಅಯ್ಯೋ, ನಿಮಗ್ಯಾಕೆ ತೊಂದರೆ” ಎನ್ನಬೇಕು, ಮೂರನೆಯ ಸಲ ಒತ್ತಾಯಕ್ಕೆ ಕಟ್ಟುಬಿದ್ದವನಂತೆ ಕೈಚಾಚಬೇಕು. ಇದು ನನ್ನ ಅಮ್ಮ ಕಲಿಸಿದ್ದು. ಕೇಳಿದೊಡನೆ ಹೂಂ ಎಂದರೆ ಮನೆಯಲ್ಲಿ ಊಟ ಹಾಕುವುದಿಲ್ಲ ಅಂದುಕೊಳ್ಳುತ್ತಾರೆ ಎನ್ನುತ್ತಿದ್ದಳು. ಬೆಂಗಳೂರಿನಲ್ಲಿ ಈ ಪದ್ಧತಿ ಚೆನ್ನಾಗಿಯೇ ನಡೆಯುತ್ತಿತ್ತು, ಏಕೆಂದರೆ ಕೊಡುವವರ ಅಮ್ಮಂದಿರೂ ಮೂರು ಸಲ ಕೇಳಲು ಕಲಿಸಿರುತ್ತಿದ್ದರು. ಸ್ವೀಡನ್ನಿನಲ್ಲಿ ಒಂದೇ ಸಲ ಕೇಳುತ್ತಾರೆ. ಬೇಡ ಅಂದರೆ ಬೇಡ. ಅದು ಅವರು ನಿಮಗೆ ಕೊಡುವ ಮರ್ಯಾದೆ. ಆಫೀಸಿನ ಮೊದಲ ವರ್ಷದ ಫೀಕಾಗಳಲ್ಲಿ, ಅಂದರೆ ಇಲ್ಲಿನವರ ಕಾಫಿ-ತಿಂಡಿಯ ಬಿಡುವಿನಲ್ಲಿ, ನನ್ನ ಮುಂದೆ ಬಂದ ದಾಲ್ಚಿನ್ನಿ ಬನ್ನಿನ ತಟ್ಟೆಗಳು ನನ್ನ ಒಂದು ‘ಬೇಡ’ಕ್ಕೆ ತಲೆಬಾಗಿ ಪಕ್ಕದವನ ಬಳಿ ಹೋದವು. ಕಾಫಿ ಹೀರುತ್ತ ಆ ಬನ್ನುಗಳ ಹಿಂದೆಯೇ ನನ್ನ ಕಣ್ಣೂ ಹೋಗುತ್ತಿತ್ತು. ಕ್ರಮೇಣ ಬನ್ನಿನ ಮಟ್ಟಿಗೆ ವಾಸಿಯಾಯಿತು. ಬನ್ನು ಚಿಕ್ಕ ವಿಷಯ. ಆದರೆ ಆಸೆ ದೊಡ್ಡದಾದಷ್ಟೂ ಅಮ್ಮನ ಪಾಠ ಜೋರಾಗಿ ಮೇಲೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮೇ ತಿಂಗಳಿನಲ್ಲಿ ಕ್ಲಬ್ಬಿನ ಸ್ವಚ್ಛತಾ ದಿನ. ಇಲ್ಲಿ ಎಲ್ಲ ಸಂಘಗಳಲ್ಲೂ ವರ್ಷಕ್ಕೊಂದು ದಿನ ಸದಸ್ಯರೆಲ್ಲ ಸೇರಿ ಕಸ ಗುಡಿಸಲೇಬೇಕು. ಎಂಥ ದೊಡ್ಡ ಮನುಷ್ಯನಿಗೂ ಪೊರಕೆ ತಪ್ಪದು. ಗುಡಿಸಿ ಮುಗಿಸಿ ಹ್ಯಾಂಗರಿನ ಬಾಗಿಲಲ್ಲಿ ಫೀಕಾಗೆ ಕೂತಿದ್ದೆವು. ನನ್ನ ಬಲಕ್ಕೆ ಸುಮನಾ, ಎದುರಿಗೆ ಫ್ಲಾಸ್ಕು ಹಿಡಿದ ರೂನೆ. ಅವನು ಎಲ್ಲರ ಲೋಟಕ್ಕೂ ಕಾಫಿ ಬಗ್ಗಿಸಿದ. ಆಮೇಲೆ ನನ್ನ ಮುಖ ನೋಡಿ, ಈ ದೇಶದಲ್ಲಿ ಎಲ್ಲರೂ ಎಲ್ಲರಿಗೂ ‘ನೀನು’ ತಾನೇ, “ನಾನು ಯೋಚಿಸಿದೆ. ಅರ್ಧ ಪಾಲು ನಿನಗೆ ಕೊಡೋಣ ಅಂತ. ಬೇಕಾ?” ಎಂದ.

ನನ್ನ ಎದೆ ಬಾಯಿಗೆ ಬಂತು. ಆದರೆ ಬಾಯಿಂದ ಬಂದದ್ದು, “ಅಯ್ಯೋ, ಬೇಡ ಬೇಡ! ಅದೆಲ್ಲ ಯಾಕೆ?” ಅಚ್ಚ ಸ್ವೀಡಿಷ್‌ನಲ್ಲಿ, ಒಂದು ತಪ್ಪೂ ಇಲ್ಲದೆ. ಸ್ವೀಡಿಷ್ ತರಗತಿಯಲ್ಲಿ ಎರಡು ವರ್ಷ ಕೂತಿದ್ದಕ್ಕೆ ಅದೊಂದೇ ವಾಕ್ಯ ಸರಿಯಾಗಿ ಬಂದಿದ್ದು. ಹೇಳಿ, ವಿನಯದಿಂದ ನೆಲ ನೋಡುತ್ತ ಎರಡನೆಯ ಸಲಕ್ಕೆ ಕಾದೆ.

“ಯಾಹಾ,” ಎಂದ ರೂನೆ. ಸ್ವೀಡನ್ನರ ‘ಯಾಹಾ’ ಎಂದರೆ ವಿಷಯ ಮುಗಿಯಿತು, ದಾಖಲಾಯಿತು, ಬಾಗಿಲು ಹಾಕಿತು ಎಂದು. ಆಮೇಲೆ ಅವನು ತಲೆಯನ್ನು ಹದಿನೈದು ಡಿಗ್ರಿ ತಿರುಗಿಸಿ, “ನಿನಗೆ?” ಎಂದು ಸುಮನಾಳನ್ನು ಕೇಳಿದ. ಅವಳ ಬಾಯಲ್ಲಿ ಬನ್ನು ಇತ್ತು. ಅದನ್ನು ನುಂಗುವಷ್ಟೂ ಕಾಯದೆ, “ಬೇಕು! ಥ್ಯಾಂಕ್ಸ್!” ಎಂದಳು. ಅಷ್ಟೇ. ಹದಿನಾಲ್ಕು ಚಳಿಗಾಲದ ವಿಮಾನ ಎರಡು ಮಾತಿನಲ್ಲಿ ಕೈದಾಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನು.

ಅವಳನ್ನು ಒಂದು ಪಕ್ಕಕ್ಕೆ ಕರೆದು, ತಮಾಷೆಯ ದನಿಯಲ್ಲಿ, “ಏನಮ್ಮಾ, ಒಂದ್ ಸಲನಾದ್ರೂ ಬೇಡ ಅನ್ನೋದಲ್ವಾ? ಧಾರವಾಡದಲ್ಲಿ ಏನೂ ಕಲಿಸಲಿಲ್ವಾ ಮನೇಲಿ?” ಎಂದೆ. ಅವಳು ನಕ್ಕುಬಿಟ್ಟಳು. ನಾಲ್ಕು ಜನರ ನಡುವೆ ಅಳತೆಯಿಟ್ಟು ಬೆಂಗಳೂರು ಕನ್ನಡ ಆಡುವ ಹುಡುಗಿಗೆ ಖುಷಿಯಾದಾಗ ಧಾರವಾಡ ತಾನಾಗಿ ಹೊರಬರುತ್ತದೆ. “ಕಲಿಸ್ಯಾರ್ರಿ ಸರ್! ಮೊದಲನೇ ವರ್ಷ ಬ್ಯಾಡ ಬ್ಯಾಡ ಅಂದು ಅಂದು ಹಸಕೊಂಡ ಸತ್ತೀನಿ. ಆಮ್ಯಾಲೆ ತಿಳೀತು, ಇಲ್ಲೆ ಒಂದ ಸಲಾನ ಕೇಳ್ತಾರಂತ. ನಿಮಗ ಖರೇನ ಬ್ಯಾಡಾಗಿತ್ತಲ್ರಿ?” ಎಂದು ಸ್ವಲ್ಪ ಗಾಬರಿಯಿಂದಲೇ ಕೇಳಿದಳು. “ಛೆ ಛೆ, ನಂಗ್ಯಾಕಮ್ಮಾ ಅದು,” ಎಂದೆ. ಅಲ್ಲೂ ಅದೇ ಕಾಯಿಲೆ.

ಆಮೇಲಿನ ಒಂದು ತಿಂಗಳು ನಾನು ಮನುಷ್ಯನಾಗಿರಲಿಲ್ಲ. ಹಳದಿ ಬಣ್ಣ ಬೇಗ ಮಾಸುತ್ತದೆಂದು ವಿದ್ಯಾಗೆ ವಿವರಿಸಿದೆ. ಮರದ ರೆಕ್ಕೆಗೆ ಈ ದೇಶದ ತೇವ ಒಳ್ಳೆಯದಲ್ಲವೆಂದೆ. ಮನೆಯಲ್ಲಿ ಕಟ್ಟಿದ ವಿಮಾನವನ್ನು ನಂಬುವುದೇ ಕಷ್ಟವೆಂದೆ. “ಎಕ್ಸೆಲ್‌ನಲ್ಲಿ ಅದಕ್ಕೆ ಹತ್ತಕ್ಕೆ ಹತ್ತು ಕೊಟ್ಟಿದ್ರಿ,” ಎಂದಳು ಅವಳು. ಸಂಜೆ ಸುಮನಾ ಹಾರಿಸುವ ಹೊತ್ತಿಗೆ ಬೈನಾಕ್ಯುಲರ್ ಹಿಡಿದು ಬೇಲಿಯ ಬಳಿ ನಿಲ್ಲುತ್ತಿದ್ದೆ. ಯಾರಾದರೂ ಕೇಳಿದರೆ ಕೊಕ್ಕರೆ ನೋಡುತ್ತಿದ್ದೇನೆ ಎನ್ನುತ್ತಿದ್ದೆ. ಈಗ ಒಪ್ಪಿಕೊಳ್ಳುತ್ತೇನೆ, ನಾನು ನಿಂತಿದ್ದು ಪ್ರಾರ್ಥನೆಗೆ. ಅಪಘಾತವಾಗಲಿ ಎಂದಲ್ಲ, ದೇವರಾಣೆ, ಅವಳ ಕೂದಲೂ ಕೊಂಕಬಾರದು. ಒಂದೇ ಒಂದು ಕುಪ್ಪಳಿಕೆ. ನೆಲಕ್ಕೆ ತಾಗಿ ಒಂದು ಮೊಳ ಮೇಲೆ ಹಾರಿ ಮತ್ತೆ ಬೀಳಲಿ, ನಾಲ್ಕು ಜನ ನೋಡಲಿ, ಬಿರ್ಗಿಟ್ಟಾ ‘ಕಾಲು!’ ಎನ್ನಲಿ. ಅಷ್ಟನ್ನು ಕೊಟ್ಟಿದ್ದರೆ ದೇವರ ಗಂಟೇನು ಹೋಗುತ್ತಿತ್ತು? ಆದರೆ ಆ ವಿಮಾನ ಪ್ರತಿಸಲ ಮೂರು ಚಕ್ರಗಳನ್ನೂ ಒಟ್ಟಿಗೆ ಹುಲ್ಲಿಗೆ ತಾಗಿಸಿ, ಚಪ್ಪಲಿ ಬಿಟ್ಟು ಒಳಗೆ ಬರುವ ಸೊಸೆಯ ಹಾಗೆ ಸದ್ದಿಲ್ಲದೆ ನಿಲ್ಲುತ್ತಿತ್ತು.

ಜೂನ್ ಕೊನೆಯ ಒಂದು ಶನಿವಾರ ಸುಮನಾ ಬೇಲಿಯತ್ತಲೇ ನಡೆದು ಬಂದಳು. “ಸರ್, ಮುಂದಿನ ಸೀಟಿಗೆ ಬರ್ರಿ. ಒಂದ ಸುತ್ತ ಹೋಗಿಬರೂಣು,” ಎಂದಳು. ಬೇಡಮ್ಮಾ ಎಂದೆ. “ಬರ್ರೀ,” ಎಂದಳು. ನಿನಗ್ಯಾಕೆ ತೊಂದರೆ ಎಂದೆ. “ಸರ್, ಮೂರನೇ ಸಲ ಕೇಳಾಕತ್ತೀನಿ ನೋಡ್ರಿ, ಈಗ ಬರಬೇಕ್ರಿ,” ಎಂದಳು. ನನ್ನ ಕಣ್ಣು ಮಂಜಾಯಿತು. ಇಷ್ಟು ವರ್ಷಗಳಲ್ಲಿ ಈ ದೇಶದಲ್ಲಿ ಯಾರೂ ನನ್ನನ್ನು ಮೂರನೆಯ ಸಲ ಕೇಳಿರಲಿಲ್ಲ. ಹತ್ತಿ ಕೂತೆ.

ಹಾರಾಟದ ಬಗ್ಗೆ ಹೆಚ್ಚು ಹೇಳಲಾರೆ, ಹೇಳಿದರೆ ಮತ್ತೆ ಹೊಟ್ಟೆ ಉರಿಯುತ್ತದೆ. ಕೆಳಗೆ ಹೊಳೆ, ಹಡಗುಗಳನ್ನು ಹತ್ತಿಸಿ ಇಳಿಸುವ ಕಾಲುವೆಯ ಬಾಗಿಲುಗಳು, ದೂರದಲ್ಲಿ ಕೊನೆಯೇ ಕಾಣದ ಸರೋವರ; ಮುಖಕ್ಕೆ ಹೊಡೆಯುವ ಗಾಳಿಗೆ ಹುಲ್ಲಿನ ವಾಸನೆಯೂ ಇತ್ತು. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಬಾಲ್ಕನಿಯ ಬಗ್ಗೆ ವಿದ್ಯಾ ಹೇಳಿದ್ದು ನಿಜವಾಗಿತ್ತು. ಈ ರೆಕ್ಕೆ ನನ್ನದಾಗಬಹುದಿತ್ತು ಎಂದು ಅಂದುಕೊಳ್ಳುತ್ತಿರುವಾಗಲೇ ಇಳಿಯುವ ಹೊತ್ತು ಬಂತು. ಮುಂದಿನ ಸೀಟಿನಲ್ಲಿ ಕೂರುತ್ತಿದ್ದ ರೂನೆ ಒಣಗಿದ ನುಗ್ಗೇಕಾಯಿಯಷ್ಟು ತೆಳ್ಳಗಿದ್ದ. ನಾನು ಹಾಗಿಲ್ಲ. ಮುಂದಿನ ಭಾರ ಹೆಚ್ಚಾಗಿ, ಮೊದಲ ಬಾರಿಗೆ ಸುಮನಾಳ ಅಂದಾಜು ತಪ್ಪಿತು. ವಿಮಾನ ದಡ್ ಎಂದು ನೆಲಕ್ಕೆ ಬಡಿದು, ಒಂದು ಮೊಳ ಮೇಲೆ ಹಾರಿ, ಮತ್ತೆ ಬಡಿಯಿತು. ನನ್ನ ನಾಲಿಗೆ ಹಲ್ಲಿಗೆ ಸಿಕ್ಕಿತು. ಒಂದು ತಿಂಗಳ ಪ್ರಾರ್ಥನೆಯನ್ನು ದೇವರು ಅಕ್ಷರಶಃ ಈಡೇರಿಸಿದ್ದ, ನನ್ನನ್ನು ಒಳಗೆ ಕೂರಿಸಿಕೊಂಡು. ನೋಡುತ್ತಿದ್ದ ನಾಲ್ಕು ಜನರೂ ಅವಳಿಗಲ್ಲ, ನನ್ನ ಹೊಟ್ಟೆಯ ಸುತ್ತಳತೆಗೆ ನಕ್ಕರು.

ಸುಮನಾ ವಿಮಾನವನ್ನು ಹಗ್ಗದಿಂದ ಕಟ್ಟಲು ಮೈದಾನದ ಆ ಕಡೆಗೆ ಕೊಂಡೊಯ್ದಳು. ನಾನು ನಾಲಿಗೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತೆ. ರೂನೆ ಫ್ಲಾಸ್ಕಿನೊಂದಿಗೆ ಬಂದು ಪಕ್ಕದಲ್ಲಿ ಕೂತ. ಅದರ ಮುಚ್ಚಳ ತಿರುಗಿಸುತ್ತ ನಿಧಾನವಾಗಿ ಹೇಳಿದ: “ಸುಮನಾ ನನಗೊಂದು ವಿಷಯ ಹೇಳಿದಳು. ನಿಮ್ಮ ಕಡೆ ಮೊದಲ ಸಲದ ‘ಬೇಡ’ ನಿಜವಾದ ಬೇಡ ಅಲ್ಲವಂತೆ. ಅದನ್ನು ಕೇಳಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಆ ದಿನ ನಿನಗೆ ನಿಜಕ್ಕೂ ಬೇಕಿತ್ತಾ? ಅವಳೇ ಹೇಳಿದಳು, ಮೂವರು ಪಾಲುದಾರರಾದರೂ ಆಗುತ್ತದೆ ಅಂತ. ಬೇಕಾದರೆ ಈಗ ಹೇಳು.”

ಮನೆ ಬಾಗಿಲಿಗೆ ಬಂದ ವಿಮಾನ. ಅದೂ ಎರಡನೆಯ ಸಲ. ನಾನು ಒಂದು ತಿಂಗಳು ಕರುಬಿದ ಹುಡುಗಿ ತನ್ನ ಪಾಲನ್ನೇ ಕತ್ತರಿಸಿ ಕಳಿಸಿದ್ದಾಳೆ. ನನ್ನ ಎದೆ ಹೂಂ ಎಂದಿತು, ಕಣ್ಣು ಹೂಂ ಎಂದಿತು, ಕಚ್ಚಿಕೊಂಡ ನಾಲಿಗೆಯೂ ಹೂಂ ಎನ್ನಲು ಹೊರಳಿತು. ಆದರೆ ಆಸೆಪಟ್ಟಿದ್ದೆನೆಂದು ಎದುರಿಗೆ ಒಪ್ಪಿಕೊಳ್ಳುವುದಾದರೂ ಹೇಗೆ?

“ಅಯ್ಯೋ, ಹಾಗೇನಿಲ್ಲ ರೂನೆ, ಬೇಡ ಬೇಡ!” ಎಂದೆ.

“ಯಾಹಾ,” ಎಂದ ರೂನೆ. ಮುಖದಲ್ಲಿ ಎಂಥ ನೆಮ್ಮದಿ! ಕಾಫಿ ಬಗ್ಗಿಸಿದ. ಇಡೀ ಸ್ವೀಡನ್ನಿನಲ್ಲಿ ನನ್ನನ್ನು ಮೂರನೆಯ ಸಲ ಕೇಳಬಲ್ಲ ಒಬ್ಬಳೇ ಒಬ್ಬಳು ಮೈದಾನದ ಆ ತುದಿಯಲ್ಲಿ ಹಳದಿ ರೆಕ್ಕೆಗೆ ಹಗ್ಗ ಬಿಗಿಯುತ್ತಿದ್ದಳು. ನಾನು ಕೈ ಬೀಸಿ ಕರೆದೆ. ನಾನು ಟಾಟಾ ಮಾಡುತ್ತಿದ್ದೇನೆ ಅಂದುಕೊಂಡು ಅವಳೂ ಕೈ ಬೀಸಿದಳು.